ಝೀರೋ ಮತ್ತೆ ನೋಡಿದೆ. ಎಡವಿದ್ದು ಶಾರುಖಾ, ಕತೆಯಾ?

ಅರ್ಧಟಿಕೆಟ್:
ಮೊದಲೇ ಹೇಳಿಬಿಡುತ್ತೇನೆ, ನಾನು ಶಾರುಖ್ ಅಭಿಮಾನಿ. ಹೈಸ್ಕೂಲಿನಲ್ಲಿ ಕನ್ನಡಿ ಮುಂದೆ ಕೈ ಅಗಲಿಸಿ ನಿಲ್ಲೋದು ಅಭ್ಯಾಸ ಮಾಡಿ, ಗೋಡೆಗೆ ಹೊಡೆದುಕೊಂಡು ಬೆರಳು ಊದಿಸಿಕೊಂಡವನು. ಹಾಗಾಗಿ ಈ ಪ್ರಶ್ನೆ ಕೇಳೋಕೆ ನನಗೇ ಸಂಕಟ.

ಶನಿವಾರ ರಾತ್ರಿ ನಿದ್ದೆ ಬರಲಿಲ್ಲ ಅಂತ ‘ಝೀರೋ’ ಹಾಕಿದೆ. 2018ರ ಡಿಸೆಂಬರ್ 21ಕ್ಕೆ ಮೊದಲ ದಿನವೇ ನೋಡಿದ್ದೆ. ಅವತ್ತು ಹೊರಗೆ ಬಂದಾಗ ಗೆಳೆಯರ ಮುಖ ನೋಡೋಕಾಗದೆ, ಪಾರ್ಕಿಂಗಿನಲ್ಲಿ ಬೈಕ್ ಕೀ ಹುಡುಕುವ ನಾಟಕ ಮಾಡಿದ್ದೆ. ಕೀ ಕೈಯಲ್ಲೇ ಇತ್ತು.

ಈ ಸಲ ಸಮಾಧಾನವಾಗಿ ನೋಡಿದೆ. ಮೇರಠ್‌ನ ಭಾಗ ನಿಜವಾಗಿ ಚೆನ್ನಾಗಿದೆ. ಶಾರುಖ್ ಮಾಡಿದ ಕುಳ್ಳ ಬವುವಾ ಸಿಂಗ್, ಅಪ್ಪನ ಜೊತೆ ಜಗಳ, ಮದುವೆ ಬ್ಯೂರೋ, ಗೆಳೆಯ ಗುಡ್ಡು. ಎರಡು ಮೂರು ಕಡೆ ಜೋರಾಗಿ ನಕ್ಕೆ. ಆಮೇಲೆ ಎಲ್ಲೋ ದಾರಿ ತಪ್ಪುತ್ತದೆ. ಮುಂಬೈ, ಅಮೆರಿಕ, ಮಂಗಳ ಗ್ರಹ. ನನ್ನ ಪ್ರಶ್ನೆ ಇಷ್ಟೇ: ಕತೆ ಕೆಟ್ಟು ಶಾರುಖ್ ಮುಳುಗಿದರಾ, ಅಥವಾ ಶಾರುಖ್ ಅಭಿನಯವೇ ಸರಿ ಹೋಗಲಿಲ್ಲವಾ? ಅಭಿಮಾನಿಗಳೇ ಬೈಯಿರಿ, ಪರವಾಗಿಲ್ಲ.

ಬಾಲ್ಕನಿಸೀಟು:
ತಪ್ಪು ರಾಕೆಟ್‌ದು.

ಹಳೇಪೋಸ್ಟರ್:
ತಪ್ಪು ಕತೆಯದೇ, ಅನುಮಾನ ಬೇಡ. ನಿರ್ದೇಶಕ ಆನಂದ್ ರೈ ಮತ್ತು ಬರಹಗಾರ ಹಿಮಾಂಶು ಶರ್ಮಾ ಜೋಡಿ ಅದಕ್ಕೆ ಮುಂಚೆ ‘ತನು ವೆಡ್ಸ್ ಮನು’ ಎರಡು ಭಾಗ, ‘ರಾಂಝಣಾ’ ಮಾಡಿದ್ದರು. ಎಲ್ಲ ಸಣ್ಣ ಊರು, ಗಲ್ಲಿ, ತಾರಸಿ, ಮದುವೆ ಮನೆ. ಅಲ್ಲಿನ ಮಾತು ಅವರಿಗೆ ಬಾಯಿಪಾಠ. ಇಲ್ಲೂ ಮೇರಠ್‌ನಲ್ಲಿ ಇರೋವರೆಗೆ ಅವರ ಕೈ ಪಳಗಿದ್ದು ಗೊತ್ತಾಗುತ್ತದೆ. ಶಾರುಖ್ ಕಾಲ್‌ಶೀಟ್, ದೊಡ್ಡ ಬಜೆಟ್, ಗ್ರಾಫಿಕ್ಸ್ ಸಿಕ್ಕಿದ ಮೇಲೆ ಮದುವೆ ಮನೆ ಚಿಕ್ಕದು ಅನ್ನಿಸಿರಬೇಕು. ಅಂಗಡಿ ಬೀದಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಸೈಕಲ್ಲಿಗೆ ರೆಕ್ಕೆ ಕಟ್ಟಿದ ಹಾಗಾಯಿತು.

ಪಾಪ, ಶಾರುಖ್ ಮಾಡಿದ್ದು ಬರೆದುಕೊಟ್ಟ ಪಾತ್ರ.

ಸಂಜೆಮಲ್ಲಿಗೆ:
ಹಳೇಪೋಸ್ಟರ್ ಸರ್, ಒಪ್ಪೋದಿಲ್ಲ. ‘ಪಾಪ’ ಅನ್ನೋಕೆ ಅವರೇನು ಹೊಸ ಹುಡುಗನಾ? ಅವರದೇ ಸಂಸ್ಥೆ ರೆಡ್ ಚಿಲ್ಲೀಸ್ ನಿರ್ಮಾಪಕರಲ್ಲಿ ಒಂದು. ಕತೆ ಓದಿ, ಒಪ್ಪಿ, ದುಡ್ಡು ಹಾಕಿದ್ದಾರೆ. ಗೆದ್ದರೆ ಬಾದ್‌ಶಾ, ಸೋತರೆ ಬರಹಗಾರ. ಇದು ಯಾವ ಸೀಮೆ ನ್ಯಾಯ?

ಬಾಲ್ಕನಿಸೀಟು:
ಅಭಿಮಾನಿ ಸೀಮೆ ನ್ಯಾಯ ಅಕ್ಕ.

ಗರುಡನಗರಿ:
ಆ ದಿನ ಅಂದ್ರೆ ನಮಗೆ ನೆನಪಾಗೋದು ಬೇರೆ ಸಿನಿಮಾ ಗುರು 😄 ಡಿಸೆಂಬರ್ 21, 2018. ಕೆಜಿಎಫ್ ಮೊದಲ ಭಾಗ! ಹಿಂದಿಯಲ್ಲೂ ಅದೇ ದಿನ ಬಿಡುತ್ತೇವೆ ಅಂದಾಗ ನಮ್ಮ ಆಫೀಸಿನಲ್ಲಿ ಒಬ್ಬ ಹಿರಿಯರು ‘ಶಾರುಖ್ ಎದುರು ಹೋಗ್ತಿದ್ದಾರೆ, ಪಾಪ ಹುಡುಗರು’ ಅಂದಿದ್ದರು. ಮುಂದಿನ ಸೋಮವಾರ ಅವರೇ ಟಿಕೆಟ್ ಸಿಗುತ್ತಾ ಅಂತ ಕೇಳುತ್ತಾ ಓಡಾಡುತ್ತಿದ್ದರು.

ಕನಸುಮಾರುವವ:
ನನ್ನ ಕತೆ ಕೇಳಿ. ಅವತ್ತು ಮೆಜೆಸ್ಟಿಕ್ ಕಡೆ ಕೆಜಿಎಫ್‌ಗೆ ಹೋದೆವು, ನಾಲ್ಕು ಜನ. ಹೌಸ್‌ಫುಲ್. ಬ್ಲಾಕ್‌ನಲ್ಲಿ ಕೊಳ್ಳೋಕೆ ಜೇಬು ಒಪ್ಪಲಿಲ್ಲ. ಬಂದಿದ್ದೀವಲ್ಲ ಅಂತ ಒಂದು ಮಲ್ಟಿಪ್ಲೆಕ್ಸ್‌ಗೆ ಹೋಗಿ ಝೀರೋಗೆ ನುಗ್ಗಿದೆವು. ಇಂಟರ್ವಲ್‌ನಲ್ಲಿ ಪಕ್ಕದ ಪರದೆಯಿಂದ ಶಿಳ್ಳೆ, ಕೂಗು, ಗೋಡೆ ಅದುರುವಷ್ಟು. ನಮ್ಮ ಪರದೆಯಲ್ಲಿ ಒಬ್ಬರು ಪಾಪ್‌ಕಾರ್ನ್ ಅಗಿಯುವ ಸದ್ದು. ದ್ವಿತೀಯಾರ್ಧದಲ್ಲಿ ಗೆಳೆಯ ಕಿವಿಯಲ್ಲಿ ಕೇಳಿದ: ‘ಮಗಾ, ಗೋಡೆ ಒಡೆದು ಆ ಕಡೆ ಹೋದ್ರೆ ಯಾರಾದ್ರೂ ಬೈತಾರಾ?’

ಅರ್ಧಟಿಕೆಟ್:
ಕನಸುಮಾರುವವ, ನಾನು ಶಾರುಖ್ ಸಿನಿಮಾಗೆ ಟಿಕೆಟ್ ಮುಂಗಡ ತೆಗೆದವನು. ನಿಮಗೆ ಕನಿಷ್ಠ ಆಕಸ್ಮಿಕ ಅನ್ನೋ ನೆಪ ಇದೆ.

ರೀಲುಬಾಕ್ಸ್:
ಕೆಜಿಎಫ್‌ನಿಂದ ಝೀರೋ ಸೋತಿತು ಅನ್ನೋದು ಪೂರ್ತಿ ಸರಿಯಲ್ಲ. ಕೆಜಿಎಫ್ ಹಿಂದಿಗೆ ಮೊದಲ ದಿನ ಸಿಕ್ಕ ಪರದೆಗಳೇ ಕಮ್ಮಿ. ಝೀರೋಗೆ ಬಹುಪಾಲು ಪರದೆ ಇತ್ತು. ಮೊದಲ ದಿನ ಜನ ಬಂದರು ಕೂಡ. ಬಂದವರು ಮನೆಗೆ ಹೋಗಿ ಏನು ಹೇಳಿದರು ಅನ್ನೋದರಲ್ಲಿ ಸೋತಿತು. ಮುಂದಿನ ಶುಕ್ರವಾರ, 28ಕ್ಕೆ, ‘ಸಿಂಬಾ’ ಬಂತು, ಉಳಿದ ಪರದೆಯೂ ಹೋಯಿತು. ಕೊನೆಗೆ ಭಾರತದಲ್ಲಿ ನೂರು ಕೋಟಿಯನ್ನೂ ಮುಟ್ಟಲಿಲ್ಲ. ಶಾರುಖ್‌ಗೆ ನೂರು ಕೋಟಿ ಅಂದರೆ ಆಗ ಪಾಸ್ ಮಾರ್ಕ್ಸ್ ಇದ್ದ ಹಾಗೆ.

ಗರುಡನಗರಿ:
ಅದೇ ಹೇಳಿದ್ದು, ಬಾಯಿಮಾತು. ನಮ್ಮದಕ್ಕೆ ಬಾಯಿಮಾತು ಏರಿತು, ಅವರದಕ್ಕೆ ಇಳಿಯಿತು. ಜೊತೆಗೆ ಸ್ಟಂಟ್‌ಗೆ, ಸ್ಪೆಷಲ್ ಎಫೆಕ್ಟ್ಸ್‌ಗೆ ರಾಷ್ಟ್ರಪ್ರಶಸ್ತಿ ಬಂದಿದ್ದೂ ಕೆಜಿಎಫ್‌ಗೇ. ಅಷ್ಟೊಂದು ಗ್ರಾಫಿಕ್ಸ್ ಮಾಡಿದ ಝೀರೋಗಲ್ಲ. ಇದು ಮಾತ್ರ ಹೇಳಲೇಬೇಕು ಅನ್ನಿಸಿತು.

ಪಿಕ್ಸೆಲ್‌ಪುಟ್ಟ:
ಗ್ರಾಫಿಕ್ಸ್ ಮಾತು ಬಂತಲ್ಲ, ನನ್ನ ಹೊಟ್ಟೆಪಾಡು ಅದೇ. ಈ ಸಿನಿಮಾದಲ್ಲಿ ಕೆಲಸ ಮಾಡಿಲ್ಲ, ಆದರೆ ಇಂಥ ಶಾಟ್ ಕೂಡಿಸೋದು ಎಷ್ಟು ಕಷ್ಟ ಅಂತ ಗೊತ್ತು.

ಆಳನ್ನು ಕುಳ್ಳಗೆ ಮಾಡೋದು ಕಂಪ್ಯೂಟರಿನಲ್ಲಿ ದೊಡ್ಡ ವಿಷಯವಲ್ಲ. ಕಷ್ಟ ಇರೋದು ಕಣ್ಣಲ್ಲಿ. ಎದುರಿನವರು ನೋಡಬೇಕಾದ್ದು ಕುಳ್ಳನ ಕಣ್ಣನ್ನು. ಶೂಟಿಂಗ್ ವೇಳೆ ನಟನ ನಿಜವಾದ ಕಣ್ಣು ಎರಡಡಿ ಮೇಲಿರುತ್ತದೆ. ಹಾಗಾಗಿ ಅವರು ಗಾಳಿಯಲ್ಲಿ ಒಂದು ಗುರುತು ನೋಡುತ್ತಾ ಮಾತಾಡಬೇಕು. ಆ ನೋಟ ನಾಲ್ಕು ಬೆರಳು ಆಚೀಚೆ ಆದರೆ ಸಾಕು, ಎದುರಿನವನ ಹಣೆ ಜೊತೆ ಮಾತಾಡಿದ ಹಾಗೆ ಕಾಣುತ್ತದೆ. ನೋಡುವವನಿಗೆ ಏನು ತಪ್ಪು ಅಂತ ಗೊತ್ತಾಗಲ್ಲ, ಆದರೆ ಇಬ್ಬರ ನಡುವೆ ಬಿಸಿ ಹುಟ್ಟೋದಿಲ್ಲ. ಪ್ರೇಮಕತೆಯಲ್ಲಿ ಅದೊಂದು ತಪ್ಪಿದರೆ ಮುಗೀತು. ಹೊಡೆದಾಟದ ಸಿನಿಮಾ ಆದರೆ ಯಾರೂ ಕೇಳಲ್ಲ.

ನನ್ನ ಪ್ರಕಾರ ಝೀರೋದಲ್ಲಿ ಆ ಕೆಲಸ ತುಂಬಾ ಚೆನ್ನಾಗಿ ಆಗಿದೆ. ಮೂರನೇ ಸಲ ನೋಡುವಾಗ ತಪ್ಪು ಹುಡುಕೋಕೆಂದೇ ಕೂತೆ. ಸಿಕ್ಕಿದ್ದು ಕಮ್ಮಿ.

ಸಂಜೆಮಲ್ಲಿಗೆ:
ಮೂರು ಸಲ ನೋಡಿದ್ದೀರಾ?! ಯಾರಾದರೂ ಹೆದರಿಸಿದರಾ?

ಪಿಕ್ಸೆಲ್‌ಪುಟ್ಟ:
ಸಂಬಳ ಹೆದರಿಸಿತು ಮೇಡಂ. ಟೀಮಿಗೆ ತೋರಿಸೋಕೆ.

ತಿಂಗಳಬೆಳಕು:
ಕುಳ್ಳನ ಪಾತ್ರ ಅಂದರೆ ಕಮಲ್ ಹಾಸನ್ ‘ಅಪ್ಪು ರಾಜಾ’. 1989ರಲ್ಲಿ ಕಂಪ್ಯೂಟರೇ ಇಲ್ಲದೆ ಮಾಡಿ ತೋರಿಸಿದ್ದರು. ಮಂಡಿಗೆ ಬೂಟು ಕಟ್ಟಿಕೊಂಡು, ನೆಲದಲ್ಲಿ ಗುಂಡಿ ತೋಡಿಸಿ ಅದರಲ್ಲಿ ನಿಂತು. ಅಪ್ಪು ಅಳುವಾಗ ನಮಗೂ ಅಳು ಬರುತ್ತದೆ. ಬವುವಾ ಅಳುವಾಗ ‘ಶಾರುಖ್ ಎಷ್ಟು ಚೆನ್ನಾಗಿ ಅಳ್ತಾರೆ’ ಅನ್ನಿಸುತ್ತದೆ. ವ್ಯತ್ಯಾಸ ಅಷ್ಟೇ.

ಹಳೇಪೋಸ್ಟರ್:
ಅದರ ಮೂಲ ತಮಿಳು, ‘ಅಪೂರ್ವ ಸಹೋದರರ್ಗಳ್’. ನಿರ್ದೇಶಕರು ಸಿಂಗೀತಂ ಶ್ರೀನಿವಾಸರಾವ್. ನಮಗೇನು ಹೊರಗಿನವರಲ್ಲ. ಅಣ್ಣಾವ್ರ ‘ಹಾಲು ಜೇನು’, ‘ಶ್ರಾವಣ ಬಂತು’ ಮಾಡಿದ್ದು ಅವರೇ. ಬೆಂಗಳೂರಿನಲ್ಲೇ ಒಂದೂ ಮಾತಿಲ್ಲದ ‘ಪುಷ್ಪಕ ವಿಮಾನ’ ತೆಗೆದ ಪುಣ್ಯಾತ್ಮ.

ತಿಂಗಳಬೆಳಕು:
ಹಾಲು ಜೇನು ಅವರದ್ದಾ! ನಮ್ಮ ಮನೆಯಲ್ಲಿ ಅದು ಹಾಕಿದರೆ ಇವತ್ತಿಗೂ ಅತ್ತೆ ಎದ್ದು ಒಳಗೆ ಹೋಗುತ್ತಾರೆ. ಕೊನೆ ನೋಡೋಕಾಗಲ್ಲ ಅಂತ.

ಗರುಡನಗರಿ:
ನೋಡಿ, ಅದೂ ಗಂಡ ಹೆಂಡತಿ ಪ್ರೀತಿ, ಅದೂ ನಗು, ಅದೂ ಅಳು. ಅಣ್ಣಾವ್ರು ಎಲ್ಲಿಗೂ ಹಾರಲಿಲ್ಲ. ಮನೆಯೊಳಗೇ ಇದ್ದು ಕೊಂದು ಹಾಕಿದರು ನಮ್ಮನ್ನ.

ಮಾತುಕಮ್ಮಿ:
ಸಾಮಾನ್ಯವಾಗಿ ಓದಿ ಸುಮ್ಮನಿರುವವಳು ನಾನು. ಇವತ್ತು ಬರೆಯುತ್ತಿದ್ದೇನೆ.

ನನ್ನ ಅಣ್ಣನ ಮಗಳಿಗೆ ಸೆರೆಬ್ರಲ್ ಪಾಲ್ಸಿ ಇದೆ. ಈಗ ಕಾಲೇಜಿಗೆ ಹೋಗುತ್ತಾಳೆ, ವೀಲ್‌ಚೇರ್ ಬಳಸುತ್ತಾಳೆ. ಈ ಸಿನಿಮಾ ಟೀವಿಯಲ್ಲಿ ಬಂದಾಗ ಇಬ್ಬರೂ ಕೂತು ನೋಡಿದೆವು. ನೀವೆಲ್ಲ ಬವುವಾ ಬಗ್ಗೆ ಮಾತಾಡುತ್ತಿದ್ದೀರಿ, ಅವಳು ನೋಡಿದ್ದು ಅನುಷ್ಕಾ ಮಾಡಿದ, ಇದೇ ತೊಂದರೆ ಇರುವ ಆಫಿಯಾಳನ್ನು ಮಾತ್ರ. ಅನುಷ್ಕಾ ಮಾತಿನ ತೊದಲು ಒಂದೊಂದು ಸೀನಿಗೆ ಒಂದೊಂದು ಥರ ಅಂತ ನಕ್ಕಳು. ‘ಅತ್ತೆ, ಈಗ ಅವಳಿಗೆ ಕಮ್ಮಿಯಾಗಿದೆ ನೋಡು’ ಅಂತ ಪ್ರತಿ ಸಲ ತೋರಿಸೋಳು. ನಿಜವಾಗಿ ಆ ತೊಂದರೆ ಇರುವ ನಟಿಯರಿಗೆ ಯಾಕೆ ಕೊಡಲ್ಲ ಅಂತಲೂ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೆ ಆಫಿಯಾ ಸಿಟ್ಟಾಗುವುದು ಅವಳಿಗೆ ತುಂಬಾ ಹಿಡಿಸಿತು. ವೀಲ್‌ಚೇರಿನಲ್ಲಿರುವ ಹುಡುಗಿ ಅಂದರೆ ಸಿನಿಮಾದಲ್ಲಿ ದೇವತೆ, ಇಲ್ಲವೇ ಅಯ್ಯೋ ಪಾಪ. ಇವಳು ವಿಜ್ಞಾನಿ, ಜಂಬ ಇದೆ, ಬೈಯುತ್ತಾಳೆ, ಆಸೆ ಪಡುತ್ತಾಳೆ. ಅದಕ್ಕೇ ಮದುವೆ ಬಿಟ್ಟು ಬವುವಾ ಓಡಿ ಹೋದಾಗ ಅವಳು ರಿಮೋಟ್ ತೆಗೆದುಕೊಂಡು ಟೀವಿ ಆಫ್ ಮಾಡಿದಳು. ಉಳಿದದ್ದು ನೋಡಲಿಲ್ಲ. ನಾನೂ ನೋಡಿಲ್ಲ. ಕೊನೆಗೆ ಅವನು ಮಂಗಳಕ್ಕೆ ಹೋಗುತ್ತಾನೆ ಅಂತ ಗೊತ್ತಾಗಿದ್ದು ಇಲ್ಲಿ ಓದಿಯೇ.

ಅರ್ಧಟಿಕೆಟ್:
ಮೇಡಂ, ಬರೆದಿದ್ದಕ್ಕೆ ಥ್ಯಾಂಕ್ಸ್. ನಿಮ್ಮ ಅಣ್ಣನ ಮಗಳಿಗೆ ನನಗಿಂತ ಬುದ್ಧಿ ಜಾಸ್ತಿ. ನಾನು ಎರಡೂ ಸಲ ಪೂರ್ತಿ ನೋಡಿದೆ.

ಸುಮ್ನೆಒಬ್ಬ:
ಆ ಕಾಯಿಲೆ ಇರುವವರು ಅಷ್ಟು ದೊಡ್ಡ ವಿಜ್ಞಾನಿ ಆಗೋದು ಸ್ವಲ್ಪ ಅತಿಯಾಯಿತು ಅಲ್ವಾ? ಸ್ಟೀಫನ್ ಹಾಕಿಂಗ್ ಒಬ್ಬರಿಗೆ ಇತ್ತು, ಅವರು ಬೇರೆ ಲೆವೆಲ್.

ಮಾತುಕಮ್ಮಿ:
ಹಾಕಿಂಗ್ ಅವರಿಗೆ ಇದ್ದದ್ದು ಇದಲ್ಲ. ಅವರದು ಎಎಲ್‌ಎಸ್, ನರಗಳು ಸೋಲುತ್ತಾ ಹೋಗುವ ಕಾಯಿಲೆ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಗೊತ್ತಾಯಿತು, ವರ್ಷ ಕಳೆದಂತೆ ಜಾಸ್ತಿಯಾಗುತ್ತಾ ಹೋಯಿತು. ಸೆರೆಬ್ರಲ್ ಪಾಲ್ಸಿ ಹುಟ್ಟುವ ಮೊದಲೋ, ಹುಟ್ಟುವಾಗಲೋ, ಎಳೆ ವಯಸ್ಸಿನಲ್ಲೋ ಮಿದುಳಿಗೆ ಆಗುವ ಪೆಟ್ಟಿನಿಂದ ಬರೋದು. ಸ್ನಾಯುಗಳ ಮೇಲೆ ಹಿಡಿತ ತಪ್ಪುತ್ತದೆ. ಆ ಪೆಟ್ಟು ಆಮೇಲೆ ಬೆಳೆಯುತ್ತಾ ಹೋಗಲ್ಲ. ಎಷ್ಟೋ ಜನರ ಬುದ್ಧಿಗೆ ಏನೂ ಆಗಿರಲ್ಲ, ನಾಲಗೆ ಮಾತ್ರ ಹೇಳಿದ ಹಾಗೆ ಕೇಳಲ್ಲ. ನಮ್ಮ ಹುಡುಗಿ ಲೆಕ್ಕದಲ್ಲಿ ತೊಂಬತ್ತರ ಮೇಲೆ ತೆಗೆದವಳು.

ಸುಮ್ನೆಒಬ್ಬ:
ತಪ್ಪಾಯಿತು ಮೇಡಂ. ಗೊತ್ತಿರಲಿಲ್ಲ.

ಕರಿಕೋಟು:
ಈಗ ಮುಖ್ಯ ವಿಷಯಕ್ಕೆ ಬರೋಣ. ಆ ಹುಡುಗಿ ಟೀವಿ ಆಫ್ ಮಾಡಿದ ಜಾಗವೇ ಸಿನಿಮಾ ಸತ್ತ ಜಾಗ.

ನಗಿಸೋ ಪ್ರೇಮಕತೆಯಲ್ಲಿ ನಾಯಕ ತಪ್ಪು ಮಾಡಲೇಬೇಕು, ಇಲ್ಲದಿದ್ದರೆ ಕತೆಯೇ ಇಲ್ಲ. ಸುಳ್ಳು ಹೇಳಲಿ, ಮರೆಯಲಿ, ಜಂಬ ಮಾಡಲಿ. ಆದರೆ ಮಾಡಿದ ತಪ್ಪಿಗೆ ತಕ್ಕ ಬೆಲೆ ತೆರಬೇಕು. ಇಲ್ಲಿ ಬವುವಾ ಮಾಡಿದ್ದೇನು? ಮದುವೆ ದಿನ ಹುಡುಗಿಯನ್ನು ಬಿಟ್ಟು, ಸಿನಿಮಾ ನಟಿಯನ್ನು ಭೇಟಿ ಮಾಡಿಸುವ ಡಾನ್ಸ್ ಸ್ಪರ್ಧೆಗೆ ಓಡುತ್ತಾನೆ. ಆಮೇಲೆ ಆ ಹುಡುಗಿಗೆ ಇವನ ಮಗು ಬೇರೆ. ಇಂಥವನನ್ನು ನಾವು ಕ್ಷಮಿಸಬೇಕಾದರೆ ಅವನು ಅವಳ ಮನೆ ಬಾಗಿಲಲ್ಲಿ ವರ್ಷಗಟ್ಟಲೆ ಕೂತು ಮಗುವಿನ ಬಟ್ಟೆ ಒಗೆಯಬೇಕು. ಇವನು ಮಾಡಿದ್ದು ರಾಕೆಟ್ ಹತ್ತಿದ್ದು. ಅದು ತ್ಯಾಗ ಅಂತ ನಾವು ತಿಳಿದುಕೊಳ್ಳಬೇಕಂತೆ! ಅಲ್ಲಿಗೂ ಓಡಿ ಹೋಗಿದ್ದೇ ತಾನೆ?

ಶಾರುಖ್ ತಪ್ಪು ಇರೋದು ಇಲ್ಲೇ. ಬೇರೆ ನಟನಾಗಿದ್ದರೆ ಆ ಪಾತ್ರ ಎಷ್ಟು ಕೆಟ್ಟದು ಅಂತ ನಾಚಿಕೊಂಡು ಮಾಡುತ್ತಿದ್ದ. ಇವರು ಗುಳಿಕೆನ್ನೆ ತೋರಿಸಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ‘ನನ್ನನ್ನ ಹೇಗೂ ಕ್ಷಮಿಸ್ತೀರಲ್ಲ’ ಅನ್ನೋ ಹಾಗೆ ನಿಲ್ಲುತ್ತಾರೆ. ಮೂವತ್ತು ವರ್ಷದಿಂದ ನಾವು ಕ್ಷಮಿಸಿದ್ದೇವೆ ನಿಜ. ಆ ಸಾಲ ಬವುವಾ ಲೆಕ್ಕಕ್ಕೆ ಬರೆಯೋಕಾಗಲ್ಲ.

ಸಂಜೆಮಲ್ಲಿಗೆ:
ಕರಿಕೋಟು ಸರ್ 👏 ಕೊನೆ ಸಾಲು ಎರಡು ಸಲ ಓದಿದೆ.

ಹಳೇಪೋಸ್ಟರ್:
ಸ್ವಲ್ಪ ಅನ್ಯಾಯ ಮಾಡ್ತಿದ್ದೀರಿ. ಅಮೆರಿಕದ ಭಾಗದಲ್ಲಿ ಅವನು ಅವಳ ಹಿಂದೆ ಅಲೆದು, ಬೈಸಿಕೊಂಡು, ಕ್ಷಮೆ ಕೇಳೋಕೆ ಪಾಡು ಪಡುತ್ತಾನಲ್ಲ? ಅದೇನು ಲೆಕ್ಕಕ್ಕಿಲ್ಲವಾ?

ಕರಿಕೋಟು:
ಪಡುತ್ತಾನೆ. ಆದರೆ ಅಲ್ಲೂ ಚೇಷ್ಟೆ, ಅಲ್ಲೂ ಡೈಲಾಗು. ಒಂದು ಸಲ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ನಂಬುತ್ತಿದ್ದೆ.

ನೀಲಿಛತ್ರಿ:
‘ಫ್ಯಾನ್’ ನೋಡಿದ್ದೀರಾ ಯಾರಾದರೂ? 2016ರದು. ಅದೂ ಓಡಲಿಲ್ಲ. ಆದರೆ ಅದರಲ್ಲಿ ಅವರು ಗೌರವ್ ಅನ್ನೋ ದೆಹಲಿ ಹುಡುಗ ಆಗಿದ್ದಾರೆ. ನಡಿಗೆ ಬೇರೆ, ಹಲ್ಲು ಬೇರೆ, ಮಾತಿನ ಓಟ ಬೇರೆ. ಕೆಲವು ಕಡೆ ಇದು ಶಾರುಖ್ ಅಂತ ಮರೆತೇ ಹೋಯಿತು. ಅಂದಮೇಲೆ ಅವರಿಗೆ ಬರಲ್ಲ ಅನ್ನೋಕಾಗಲ್ಲ. ಬವುವಾಗೆ ಮಾಡಲಿಲ್ಲ ಅಷ್ಟೇ. ಎತ್ತರ ಕಂಪ್ಯೂಟರ್ ಕಮ್ಮಿ ಮಾಡಿತು, ಉಳಿದದ್ದು ಹಾಗೇ ಉಳಿಯಿತು.

ಪಿಕ್ಸೆಲ್‌ಪುಟ್ಟ:
ಅಯ್ಯೋ, ಇದು ಸರಿಯಾದ ಮಾತು. ನಾವು ಕಾಲು ಗಿಡ್ಡ ಮಾಡಬಹುದು, ಸ್ಟಾರ್‌ಗಿರಿ ಗಿಡ್ಡ ಮಾಡೋಕೆ ಸಾಫ್ಟ್‌ವೇರ್ ಇಲ್ಲ.

ಬಾಲ್ಕನಿಸೀಟು:
ವಯಸ್ಸಿನ ವಿಷಯ ಯಾರೂ ಎತ್ತಲಿಲ್ಲ. ಬವುವಾಗೆ 38. ಅವರಿಗೆ ಆಗ 53.

ಸಂಜೆಮಲ್ಲಿಗೆ:
ನಮ್ಮ ಕನ್ನಡದವರ ಬಗ್ಗೆ ಆ ಲೆಕ್ಕ ಶುರು ಮಾಡಿದರೆ ಬೆಳಗಾಗುತ್ತದೆ. ಬಿಡಿ.

ಗರುಡನಗರಿ:
ಬಿಡಿ ಬಿಡಿ 🙏

ತಿಂಗಳಬೆಳಕು:
ಕತ್ರಿನಾ ಬಗ್ಗೆ ಒಂದು ಮಾತು ಹೇಳದಿದ್ದರೆ ಪಾಪ ಬರುತ್ತದೆ. ಅಭಿನಯ ಬರಲ್ಲ ಅಂತ ಊರೆಲ್ಲ ಆಡಿಕೊಂಡ ಹುಡುಗಿ, ಇಲ್ಲಿ ಕುಡಿದು ಹಾಳಾದ ನಟಿ ಬಬಿತಾ ಆಗಿ ಎಲ್ಲರನ್ನೂ ತಿಂದು ಹಾಕಿದ್ದಾಳೆ. ಕಾಡಿಗೆ ಇಳಿದ ಕಣ್ಣು, ಯಾರ ಮೇಲೂ ನಂಬಿಕೆ ಇಲ್ಲದ ನಗು. ಶಾರುಖ್, ಅನುಷ್ಕಾ, ಕತ್ರಿನಾ ಮೂವರೂ 2012ರ ‘ಜಬ್ ತಕ್ ಹೈ ಜಾನ್’ನಲ್ಲೂ ಇದ್ದರು. ಅಲ್ಲಿ ಗೊಂಬೆ ಥರ ನಿಲ್ಲಿಸಿದ್ದರು ಅವಳನ್ನ. ಇಲ್ಲಿ ಮೂವರಲ್ಲಿ ಮೊದಲ ಬಹುಮಾನ ಅವಳಿಗೇ.

ನೀಲಿಛತ್ರಿ:
ಒಪ್ಪಿದೆ. ಜೊತೆಗೆ ನಮ್ಮ ಬೆಂಗಳೂರಿನಲ್ಲಿ ಓದಿ ಬೆಳೆದ ಅನುಷ್ಕಾಗೂ ಇದು ದುಬಾರಿಯಾಯಿತು. ಶಾರುಖ್ ಜೊತೆಗೇ 2008ರಲ್ಲಿ ಶುರು ಮಾಡಿದವಳು. ಹತ್ತು ವರ್ಷಕ್ಕೆ ಸರಿಯಾಗಿ ಅವರ ಜೊತೆಗಿನ ಈ ಸಿನಿಮಾ. ಇದಾದ ಮೇಲೆ ಅವಳು ನಾಯಕಿಯಾಗಿ ಬಂದ ಸಿನಿಮಾ ನಾನಂತೂ ನೋಡಿಲ್ಲ.

ಕನಸುಮಾರುವವ:
ಹಾಡು ಮಾತ್ರ ಬೈಯಬೇಡಿ. ‘ಮೇರೆ ನಾಮ್ ತು’ ನನ್ನ ಫೋನಿನಲ್ಲಿ ಇವತ್ತಿಗೂ ಇದೆ. ಅಜಯ್ ಅತುಲ್ ಸಂಗೀತ, ಅಭಯ್ ಜೋಧ್‌ಪುರ್ಕರ್ ದನಿ. ಅವಳು ವೀಲ್‌ಚೇರಿನಲ್ಲಿ, ಇವನು ಸುತ್ತ ಕುಣಿಯುತ್ತಾ, ಬಣ್ಣ ಹಾರುತ್ತಾ. ಆ ನಾಲ್ಕೈದು ನಿಮಿಷ ಅವರಿಬ್ಬರ ಎತ್ತರ, ಕುರ್ಚಿ ಯಾವುದೂ ನೆನಪಿರಲಿಲ್ಲ.

ರೀಲುಬಾಕ್ಸ್:
ಅಜಯ್ ಅತುಲ್ ಅಂದರೆ ‘ಸೈರಾಟ್’ನವರು. ಅದರ ಕನ್ನಡ ರಿಮೇಕ್ ‘ಮನಸು ಮಲ್ಲಿಗೆ’ಗೂ ಅವರದೇ ಸಂಗೀತ. ಇಲ್ಲಿಯವರಿಗೆ ಹೊಸಬರೇನಲ್ಲ.

ಗರುಡನಗರಿ:
ರಿಮೇಕ್ ಮಾತು ಎತ್ತಬೇಡಿ, ನಾನು ಊಟ ಮಾಡುತ್ತಿದ್ದೇನೆ.

ಮಳೆಬಿಲ್ಲು:
ಒಂದು ಸೀನಿಗಾಗಿ ಈ ಸಿನಿಮಾಗೆ ನನ್ನ ಮನಸ್ಸಿನಲ್ಲಿ ಜಾಗ ಇದೆ. ಪಾರ್ಟಿಯಲ್ಲಿ ಶ್ರೀದೇವಿ ಬಂದು ಹೋಗುತ್ತಾರಲ್ಲ, ಅದು. 2018ರ ಫೆಬ್ರವರಿಯಲ್ಲಿ ಅವರು ಹೋಗಿಬಿಟ್ಟರು. ಡಿಸೆಂಬರಿನಲ್ಲಿ ಪರದೆ ಮೇಲೆ ನಗುತ್ತಾ ನಿಂತರು. ನಮ್ಮಮ್ಮ ಥಿಯೇಟರಿನಲ್ಲಿ ನನ್ನ ಕೈ ಹಿಡಿದುಕೊಂಡರು. ಸಿನಿಮಾ ಬಗ್ಗೆ ಅಮ್ಮನನ್ನ ಕೇಳಿದರೆ ಇವತ್ತಿಗೂ ‘ಶ್ರೀದೇವಿ ಸಿನಿಮಾ’ ಅಂತಲೇ ಹೇಳೋದು.

ಹಳೇಪೋಸ್ಟರ್:
ನೋಡುತ್ತಿರಿ, ಇನ್ನು ಹತ್ತು ವರ್ಷಕ್ಕೆ ಇದೂ ‘ಸ್ವದೇಶ್’ ಥರ ಆಗುತ್ತದೆ. 2004ರಲ್ಲಿ ಅದೂ ಓಡಿರಲಿಲ್ಲ. ಈಗ ಎಲ್ಲರೂ ಅದನ್ನ ತಲೆ ಮೇಲೆ ಹೊತ್ತು ತಿರುಗುತ್ತಾರೆ.

ಕರಿಕೋಟು:
ಎರಡರಲ್ಲೂ ಅಮೆರಿಕದ ಬಾಹ್ಯಾಕಾಶ ಕೇಂದ್ರ ಇದೆ ಅನ್ನೋದು ಬಿಟ್ಟರೆ ಹೋಲಿಕೆಯೇ ಇಲ್ಲ ಸರ್. ಸ್ವದೇಶ್‌ನಲ್ಲಿ ಅವನು ರಾಕೆಟ್ ಬಿಟ್ಟು ಹಳ್ಳಿಗೆ ಬರುತ್ತಾನೆ. ಇಲ್ಲಿ ಊರು ಬಿಟ್ಟು ರಾಕೆಟ್ ಹತ್ತುತ್ತಾನೆ. ರೈಲಿನ ಕಿಟಕಿಯಲ್ಲಿ ಹುಡುಗ ಲೋಟ ಹಿಡಿದು ನೀರು ಮಾರುವಾಗ ಮೋಹನ್ ಭಾರ್ಗವನ ಮುಖ ನೆನಪಿದೆಯಾ? ಏನೂ ಮಾಡಲ್ಲ ಶಾರುಖ್ ಅಲ್ಲಿ. ನೀರು ಕುಡಿಯುತ್ತಾರೆ ಅಷ್ಟೇ. ಅದನ್ನೇ ನಾನು ಆಗಿನಿಂದ ಹೇಳುತ್ತಿರೋದು, ಏನೂ ಮಾಡದೆ ನಿಂತರೆ ಈ ಮನುಷ್ಯನಂಥ ನಟ ಇಲ್ಲ.

ಹಳೇಪೋಸ್ಟರ್:
ಅದಕ್ಕೆ ಎದುರು ಮಾತಿಲ್ಲ. ಆ ಸೀನಿಗೆ ನನ್ನ ಗಂಟಲು ಇನ್ನೂ ಕಟ್ಟುತ್ತದೆ.

ಗಾಜಿನಗೋಲಿ:
ನಮ್ಮ ಕ್ರೇಜಿಸ್ಟಾರ್ ‘ಏಕಾಂಗಿ’ ನೆನಪಾಯಿತು ಇದೆಲ್ಲ ಓದಿ. ಪ್ರೇಮದ ಸಿನಿಮಾ ಅಂದರೆ ರವಿಚಂದ್ರನ್ ಅನ್ನೋ ಕಾಲ. ಇದ್ದಬದ್ದ ಕನಸೆಲ್ಲ ಸುರಿದು 2002ರಲ್ಲಿ ಮಾಡಿದರು. ನಾನು ಎರಡನೇ ದಿನ ಹೋದೆ, ಮುಂದಿನ ಸಾಲೆಲ್ಲ ಖಾಲಿ. ಹೊರಗೆ ಬಂದವನು ‘ಹಾಡು ಸೂಪರ್’ ಅಂದ. ಅಭಿಮಾನಿ ‘ಹಾಡು ಸೂಪರ್’ ಅಂದ ಅಂದರೆ ಅರ್ಥ ಮಾಡಿಕೊಳ್ಳಬೇಕು.

ಕನಸುಮಾರುವವ:
ನಾನು ಈಗ ಮೇಲೆ ಅದನ್ನೇ ಹೇಳಿದೆ. ಸಿಕ್ಕಿಬಿದ್ದೆ.

ಸುಮ್ನೆಒಬ್ಬ:
ಆದರೂ ಮನುಷ್ಯ ಎದ್ದು ಬಂದರಲ್ಲ? ಝೀರೋ ಆದ ಮೇಲೆ ನಾಲ್ಕು ವರ್ಷ ನಾಯಕನಾಗಿ ಒಂದು ಸಿನಿಮಾ ಇಲ್ಲ. ‘ಪಠಾಣ್’ ಗೆದ್ದ ಮೇಲೆ ಮಾಧ್ಯಮದವರ ಮುಂದೆ ಅವರೇ ತಮಾಷೆ ಮಾಡಿದ್ದರು. ಇನ್ನು ಇವನ ಸಿನಿಮಾ ನಡೆಯಲ್ಲ ಅಂತ ಜನ ಅಂದದ್ದಕ್ಕೆ ಅಡುಗೆ ಕಲಿಯೋಕೆ ಶುರು ಮಾಡಿದ್ದೆ ಅಂತ. 2023ರಲ್ಲಿ ಒಂದೇ ವರ್ಷ ಮೂರು ಸಿನಿಮಾ. ಅದರಲ್ಲಿ ‘ಜವಾನ್’ಗೆ ರಾಷ್ಟ್ರಪ್ರಶಸ್ತಿ.

ನೀಲಿಛತ್ರಿ:
ಎದ್ದು ಬಂದರು, ಹೌದು. ಬಂದೂಕು ಹಿಡಿದು ಬಂದರು. ನನಗೆ ಬೇಜಾರು ಅದೇ. ಝೀರೋ ಸೋತಿದ್ದರಿಂದ ಕೈ ಅಗಲಿಸಿ ನಿಲ್ಲುವ ಆ ಹಳೇ ಪ್ರೇಮಿಯೇ ಹಿಂದೆ ಸರಿದ. ಮೂರರಲ್ಲಿ ಎರಡು ಪೂರ್ತಿ ಹೊಡೆದಾಟ. ಚೆನ್ನಾಗಿದ್ದವು, ನಾನೂ ಶಿಳ್ಳೆ ಹಾಕಿದೆ. ಆದರೂ.

ಸಂಜೆಮಲ್ಲಿಗೆ:
ಆ ‘ಆದರೂ’ ನನಗೂ ಇದೆ. ಆದರೆ 53ನೇ ವಯಸ್ಸಿನಲ್ಲಿ ಕುಳ್ಳನಾಗಿ, ಕೆಟ್ಟವನಾಗಿ, ಓಡಿ ಹೋಗುವವನಾಗಿ ಮಾಡೋಕೆ ಒಪ್ಪಿದ್ದು ಧೈರ್ಯವೇ. ಬೈದಿದ್ದು ನಾನೇ ಮೊದಲು, ಇದನ್ನೂ ನಾನೇ ಹೇಳುತ್ತೇನೆ. ಅರ್ಧ ಧೈರ್ಯ ಮಾಡಿದರು. ಕೆಟ್ಟವನಾಗಿ ಮಾಡಿದರು, ಕೆಟ್ಟವನಾಗಿ ಕಾಣೋಕೆ ಒಪ್ಪಲಿಲ್ಲ.

ಕರಿಕೋಟು:
ಮೇಡಂ, ನಾನು ನಾಲ್ಕು ಪ್ಯಾರಾದಲ್ಲಿ ಹೇಳಿದ್ದನ್ನ ಒಂದೇ ಸಾಲಿನಲ್ಲಿ ಹೇಳಿಬಿಟ್ಟಿರಿ.

ಬಾಲ್ಕನಿಸೀಟು:
ಮೂರು ಪ್ಯಾರಾ ಸರ್. ಎಣಿಸಿದೆ.

ಅರ್ಧಟಿಕೆಟ್:
ಎಲ್ಲರಿಗೂ ಥ್ಯಾಂಕ್ಸ್. ಜಗಳ ಆಗುತ್ತದೆ ಅಂದುಕೊಂಡಿದ್ದೆ, ಹಾಲು ಜೇನುವರೆಗೂ ಹೋಗಿ ಬಂದೆವು.

ಒಂದು ವಿಷಯ ಮೊದಲೇ ಬರೆಯಲಿಲ್ಲ. ನಿನ್ನೆ ಸಂಜೆ ಇಲ್ಲಿನ ಮಾತು ಓದುತ್ತಾ ಮತ್ತೆ ಸಿನಿಮಾ ಹಾಕಿದ್ದೆ, ಸುಮ್ನೆ ಆ ನಕ್ಷತ್ರದ ಸೀನು ನೋಡೋಣ ಅಂತ. ಅವನು ಎಣಿಸುತ್ತಾ ಬೆರಳಾಡಿಸಿದರೆ ಆಕಾಶದಿಂದ ನಕ್ಷತ್ರ ಉದುರುತ್ತದಲ್ಲ, ಅದು. ನಮ್ಮಮ್ಮ ಸೊಪ್ಪು ಬಿಡಿಸುತ್ತಾ ಪಕ್ಕದಲ್ಲಿ ಬಂದು ಕೂತರು. ಹಿಂದಿ ಅಷ್ಟಕ್ಕಷ್ಟೇ. ಆದರೂ ನೋಡುತ್ತಾ ನೋಡುತ್ತಾ ಸೊಪ್ಪಿನ ಕೈ ನಿಂತೇ ಹೋಯಿತು. ‘ಎಷ್ಟು ಚೆನ್ನಾಗಿದೆಯೋ, ಆ ಹುಡುಗಿ ನಗು ನೋಡು’ ಅಂದರು. ಹಾಡು ಬಂತು. ಅದನ್ನೂ ನೋಡಿದರು.

ಮದುವೆ ಸೀನು ಹತ್ತಿರ ಬರುತ್ತಿತ್ತು. ನನಗೆ ಮಾತುಕಮ್ಮಿ ಮೇಡಂ ಬರೆದದ್ದು ನೆನಪಾಯಿತು. ಕರೆಂಟ್ ಹೋದ ಹಾಗೆ ಟೀವಿ ಆಫ್ ಮಾಡಿಬಿಟ್ಟೆ.

‘ಅಯ್ಯೋ, ಮುಂದೇನಾಯ್ತೋ?’ ಅಂದರು ಅಮ್ಮ.

‘ಮದುವೆ ಆಯ್ತಮ್ಮ’ ಅಂದೆ. ‘ಒಂದು ಮಗುನೂ ಇದೆ. ಮೇರಠ್‌ನಲ್ಲೇ ಇದ್ದಾರೆ.’